ಹಿತ್ತಿಲಲ್ಲಿ ಕಾಗೆ ಕಾದ ಬೇಸಿಗೆ

ಮೊನ್ನೆ ಪೀಣ್ಯಕ್ಕೆ ಹೋಗಿದ್ದೆ. ಈಗ ನಾನಿರುವುದು ಎಲೆಕ್ಟ್ರಾನಿಕ್ ಸಿಟಿಯ ಆಚೆ. ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಬರಬೇಕಾದರೆ ಒಂದೋ ಯಾರದಾದರೂ ಮದುವೆ ಇರಬೇಕು, ಇಲ್ಲವೇ ಮಶೀನು ಕೆಟ್ಟಿರಬೇಕು. ಮದುವೆ ಯಾರದೂ ಇರಲಿಲ್ಲ, ನನ್ನದಂತೂ ಇಲ್ಲವೇ ಇಲ್ಲ. ಬೇರಿಂಗ್ ಒಂದನ್ನು ತರಲು ಬಂದವನು ಮೇನ್ ರೋಡಿನ ಟ್ರಾಫಿಕ್ಕಿಗೆ ಬೇಸತ್ತು ರಾಜಗೋಪಾಲನಗರದ ಒಳರಸ್ತೆಗೆ ಬೈಕು ತಿರುಗಿಸಿದೆ. ಅಲ್ಲೊಂದು ಟೆಂಪೊ ರಿವರ್ಸ್ ತೆಗೆಯುತ್ತಾ ರಸ್ತೆಗೆ ಅಡ್ಡ ನಿಂತಿತ್ತು. ನಾನೂ ನಿಂತೆ. ಆಗ ಬಂತು ಆ ವಾಸನೆ. ಅಕ್ಕಿ ಹಿಟ್ಟು ಕುದಿಯುವ, ಅದಕ್ಕೆ ಜೀರಿಗೆ, ಅರೆದ ಹಸಿಮೆಣಸಿನಕಾಯಿ, ಚಿಟಿಕೆ ಇಂಗು ಬಿದ್ದ ವಾಸನೆ. ಸುಟ್ಟ ಕಬ್ಬಿಣ, ಆಯಿಲ್ಲು, ಚರಂಡಿ ಎಲ್ಲವನ್ನೂ ಪಕ್ಕಕ್ಕೆ ತಳ್ಳಿಕೊಂಡು ಅದು ನನ್ನ ಮೂಗನ್ನೇ ಹುಡುಕಿಕೊಂಡು ಬಂದಂತಿತ್ತು. ಟೆಂಪೊ ಹೋದ ಮೇಲೂ ನಾನು ಹೋಗಲಿಲ್ಲ. ಹಿಂದಿದ್ದವನು ಹಾರ್ನ್ ಹೊಡೆದು, "ಏನ್ ಗುರು, ಇಲ್ಲೇ ಮನೆ ಮಾಡ್ತೀಯಾ?" ಅಂದ.

ಮಾಡಿದ್ದೆ. ಇದೇ ರಸ್ತೆಯಲ್ಲಿ, ಆರೇಳು ವರ್ಷದ ಹಿಂದೆ. ಒಂದು ಬೇಸಿಗೆ ಪೂರ್ತಿ ಕಾಲು ಮುರಿದುಕೊಂಡು ಕೂತಿದ್ದೆ.

ಕಾಲು ಹೇಗೆ ಮುರಿಯಿತು ಎಂದು ಕೇಳಿದರೆ ನಮ್ಮ ಊರಲ್ಲಿ, ರೋಣದ ಕಡೆ, ನಾನು ಹೇಳಿರುವ ಕತೆ ಬೇರೆ. ಅದರಲ್ಲಿ ಒಂದು ಕ್ರೇನು, ಒಬ್ಬ ಬಡ ಸಹೋದ್ಯೋಗಿ, ಅವನನ್ನು ತಳ್ಳಿ ಬದುಕಿಸಿದ ನಾನು ಎಲ್ಲ ಇದ್ದೇವೆ. ನಿಜ ಇಷ್ಟೇ. ನಾನು ಆಗ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಾಂಟ್ರಾಕ್ಟ್ ಕೆಲಸಕ್ಕಿದ್ದೆ. ನಮ್ಮ ಸೂಪರ್‌ವೈಸರು ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಹಾಕಿ, ಆಕಾಶ ನೋಡುತ್ತಾ ನಡೆಯುವವರು. ಟೀ ಹೊತ್ತಿನಲ್ಲಿ ಲೋಡಿಂಗ್ ಕಟ್ಟೆಯ ಮೇಲೆ ನಾನು ಅವರ ನಡಿಗೆ ನಡೆದು ತೋರಿಸುತ್ತಿದ್ದೆ. ನಗುತ್ತಿದ್ದ ಆರು ಜನ ಒಮ್ಮೆಗೇ ಗಂಭೀರವಾದರು. ನನ್ನ ಕಲೆ ಇವರ ಮನಸ್ಸು ತಟ್ಟಿತಲ್ಲ ಎಂದುಕೊಂಡು ಇನ್ನಷ್ಟು ಆಕಾಶ ನೋಡಿದೆ. ಹಿಂದೆ ಕೆಮ್ಮಿದ ಸದ್ದಾಯಿತು. ತಿರುಗಿದೆ, ಕಟ್ಟೆ ಅಲ್ಲಿಗೆ ಮುಗಿದಿತ್ತು. ಆಟೋ ಕರೆದವರು ಅವರೇ. ದಾರಿಯುದ್ದಕ್ಕೂ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವರು ಒಂದೇ ಒಂದು ಸಲ ಕೇಳಿದರು: "ನಿಜವಾಗ್ಲೂ ಹೊಟ್ಟೆ ಅಷ್ಟು ಮುಂದೆ ಹಾಕ್ತೀನೇನಯ್ಯಾ?"

ಮೊಣಕಾಲಿನವರೆಗೆ ಪ್ಲಾಸ್ಟರು, ಆರು ವಾರ. ಆಮೇಲೆ ಬಾ, ಜಾಗ ಇದ್ದರೆ ನೋಡೋಣ ಎಂದು ಸೂಪರ್‌ವೈಸರು ಹೇಳಿ ಹೋದರು. 'ಇದ್ದರೆ' ಅನ್ನುವುದನ್ನು ನಾನು ಆರು ವಾರ ಅವರದೇ ದನಿಯಲ್ಲಿ ನನಗೆ ನಾನೇ ಹೇಳಿಕೊಂಡೆ.

ನಾನಿದ್ದದ್ದು ಶಾಂತಕ್ಕನ ಜೊತೆ. ಶಾಂತಕ್ಕ ನನ್ನ ಒಡಹುಟ್ಟಿದ ಅಕ್ಕ, ಗಾರ್ಮೆಂಟ್ಸಿನಲ್ಲಿ ಟೈಲರು. ಅವಳ ಗಂಡ ಲಾರಿ ಹತ್ತಿದರೆ ತಿಂಗಳಿಗೊಮ್ಮೆ ಮುಖ ತೋರಿಸುವವನು. ನಮ್ಮ ರೂಮು ಗೌರಮ್ಮಜ್ಜಿಯ ವಠಾರದಲ್ಲಿತ್ತು. ಸಾಲಾಗಿ ಎಂಟು ರೂಮು, ಎಂಟರ ಬೆನ್ನಿಗೂ ಒಂದೊಂದು ಕಿಟಕಿ, ಕಿಟಕಿಯ ಆಚೆ ಹಿತ್ತಿಲು. ಎರಡು ಲಾರಿ ಒತ್ತಿ ನಿಲ್ಲಿಸಿದರೆ ತುಂಬಿಹೋಗುವಷ್ಟು ಜಾಗ. ಅದರಲ್ಲಿ ಒಂದು ನುಗ್ಗೆ ಮರ, ಒಂದು ಕರಿಬೇವು, ನೀರಿನ ತೊಟ್ಟಿ, ಮೂಲೆಯಲ್ಲಿ ಎಲ್ಲರಿಗೂ ಸೇರಿದ ಬಚ್ಚಲು, ನಡುವೆ ಬಟ್ಟೆ ಒಗೆಯುವ ದೊಡ್ಡ ಕಲ್ಲು. ಒಂದು ಕಾಲದಲ್ಲಿ ಈ ಬೀದಿಯೆಲ್ಲ ಅಜ್ಜಿಯ ಮನೆಯವರ ರಾಗಿ ಹೊಲವಂತೆ. ಈಗ ಮಣ್ಣು ಅಂತ ಉಳಿದದ್ದು ಇದೊಂದೇ. ಕಾಂಪೌಂಡಿನ ಆಚೆ ತಗಡು ಒತ್ತುವ ಪವರ್ ಪ್ರೆಸ್ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ಅದು ಧಡ್, ಧಡ್ ಅನ್ನುತ್ತಿತ್ತು.

ಬೆಳಿಗ್ಗೆ ಎಂಟಕ್ಕೆ ಅಕ್ಕ ನನ್ನನ್ನು ಎಬ್ಬಿಸಿ, ನುಗ್ಗೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾಲಿಗೆ ಒಂದು ಸ್ಟೂಲು ಕೊಟ್ಟು, ನೀರಿನ ಬಾಟಲಿ, ಡಬ್ಬಿ, ಫೋನು ಎಲ್ಲ ಕೈಗೆಟುಕುವಂತೆ ಇಟ್ಟು ಹೊರಡುತ್ತಿದ್ದಳು. ಹೊರಡುವಾಗ ದಿನಾ ಒಂದೇ ಮಾತು: "ಸುಮ್ನ ಕುಂದ್ರು ಮಾಂತ್ಯಾ. ಮಂದಿನ್ನ ಅಣಕಸಬ್ಯಾಡ."

ಅಣಕಿಸಲು ಮಂದಿ ಬೇಕಲ್ಲ. ಒಂಬತ್ತಕ್ಕೆ ವಠಾರ ಖಾಲಿ. ನಾನು, ಅಜ್ಜಿ, ಪ್ರೆಸ್ಸು. ಹಗಲಲ್ಲಿ ಹಿತ್ತಿಲಲ್ಲಿ ಕಾಲು ಚಾಚಿ ಕೂರುವುದು ಎಂದರೆ ಲೇತಿನ ಮುಂದೆ ನಿಂತವನಿಗೆ ಸ್ವರ್ಗ ಅನ್ನಿಸುತ್ತದೆ. ಆ ಸ್ವರ್ಗ ನನಗೆ ಎರಡು ದಿನಕ್ಕೆ ಸಾಕಾಯಿತು. ಮೂರನೇ ದಿನ ಪ್ರೆಸ್ಸಿನ ಏಟು ಎಣಿಸಲು ಶುರುಮಾಡಿದೆ. ನಿಮಿಷಕ್ಕೆ ಎಷ್ಟು, ಯಾವ ಆಪರೇಟರು ಬೀಡಿಗೆ ಹೋದ, ಅಚ್ಚಿನ ಡೈ ಯಾವಾಗ ಬದಲಾಯಿಸಿದರು, ಎಲ್ಲ ಗೋಡೆಯ ಈಚೆಯಿಂದಲೇ ಗೊತ್ತಾಗುತ್ತಿತ್ತು. ಪ್ಲಾಸ್ಟರಿನೊಳಗೆ ತುರಿಕೆ. ಪೊರಕೆ ಕಡ್ಡಿ ತೂರಿಸಿ ಕೆರೆದುಕೊಳ್ಳುವುದು, ಕಡ್ಡಿ ಒಳಗೇ ಮುರಿಯುವುದು, ಅದನ್ನು ತೆಗೆಯಲು ಇನ್ನೊಂದು ಕಡ್ಡಿ. ಮರದ ನೆರಳು ಸರಿದಂತೆ ಕುರ್ಚಿಯನ್ನು ಕುಂಡೆಯಲ್ಲೇ ಎಳೆದುಕೊಂಡು ಹಿತ್ತಿಲು ಸುತ್ತುವುದು. ಮುರಿಯದ ಕಾಲು ಮಾತ್ರ ಹೊಲಿಗೆ ಮಶೀನು ತುಳಿದಂತೆ ಕುಣಿಯುತ್ತಲೇ ಇರುತ್ತಿತ್ತು.

ಗೌರಮ್ಮಜ್ಜಿ ಮಧ್ಯಾಹ್ನ ಮುದ್ದೆ ಉಂಡು ಬಂದು ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಎಲೆಗೆ ಸುಣ್ಣ ಹಚ್ಚುವುದು, ಬಾಯಿಗಿಡುವುದು, ಆಮೇಲೆ ಏನೂ ಇಲ್ಲ. ಬಿಸಿಲು ಇಳಿಯುವವರೆಗೆ ಏನೂ ಇಲ್ಲ. ಏನು ನೋಡ್ತಿದ್ದೀಯಜ್ಜಿ ಎಂದರೆ "ಏನೂ ಇಲ್ಲ ಕಣ್ಲಾ" ಅನ್ನುವಳು. ಏನು ಯೋಚನೆ ಎಂದರೆ ಅದಕ್ಕೂ ಅದೇ. ಅವಳ ದನಿ, ಎಲೆ ಜಗಿಯುವಾಗ ಎಡಕ್ಕೆ ವಾಲುವ ದವಡೆ, ಮಾತಿಗೆ ಮುಂಚೆ ಸೆರಗು ಎಳೆದುಕೊಳ್ಳುವ ಗತ್ತು ಎಲ್ಲ ನನಗೆ ಒಂದೇ ವಾರದಲ್ಲಿ ಬಂದಿತ್ತು. ಅವಳೆದುರಿಗೇ ಮಾಡಿ ತೋರಿಸಿದರೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಆದರೆ ಅವಳು ಕೂರುವಂತೆ ಕೂರುವುದು ಬರಲೇ ಇಲ್ಲ. ಎರಡು ನಿಮಿಷಕ್ಕೆ ಕಾಲು ಕುಣಿಯುತ್ತಿತ್ತು. "ನಿನ್ ಕಾಲ್ಗೆ ಯಾರೋ ಕರೆಂಟ್ ಕೊಟ್ಟವ್ರೆ," ಅನ್ನುತ್ತಿದ್ದಳು ಅಜ್ಜಿ.

ಎರಡನೇ ವಾರ ಅಜ್ಜಿಯ ಮಗ ನಾಗರಾಜಣ್ಣ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹಿತ್ತಿಲಿಗೆ ಬಂದ. ನನ್ನ ಸ್ಟೂಲನ್ನು ಕಾಲಿನ ಸಮೇತ ಪಕ್ಕಕ್ಕೆ ಸರಿಸಿ ಟೇಪು ಹಿಡಿದರು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದರು. ಇನ್ನೂ ನಾಲ್ಕು ರೂಮು. ನಾಗರಾಜಣ್ಣ ಕೆಟ್ಟವನಲ್ಲ. ಹಿತ್ತಿಲು ಅಂತ ಉಳಿಸಿಕೊಂಡಿರುವುದು ಈ ಬೀದಿಯಲ್ಲಿ ನಾವೊಬ್ಬರೇ, ಜನ ನಗ್ತಾರೆ ಎನ್ನುವುದು ಅವನ ಸಂಕಟ. ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಿದ್ದನಂತೆ. ಅಜ್ಜಿ ನಾಲ್ಕು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದಳಂತೆ: ಸಂಡಿಗೆ ಆಗಲಿ. ಸಂಡಿಗೆ ಆದರೆ ಮಳೆ, ಮಳೆಯ ಜೊತೆಗೆ ಆಷಾಢ, ಅದು ಕಳೆದರೆ ಪಿತೃಪಕ್ಷ, ಆಮೇಲೆ ಧನುರ್ಮಾಸ. ಹೀಗೆ ತಿಂಗಳು ತಿಂಗಳಿಗೆ ಒಂದು ತಡೆ ಹುಡುಕಿ ವರ್ಷ ದಾಟಿಸಿ ಮತ್ತೆ ಸಂಡಿಗೆಗೆ ತಂದು ನಿಲ್ಲಿಸುತ್ತಿದ್ದಳು. ಈ ಸಲ ನಾಗರಾಜಣ್ಣ ಹುಷಾರಾಗಿದ್ದ. ಮನೆ ಮುಂದೆ ಇಟ್ಟಿಗೆ ಇಳಿಸಿಯೇ ಬಂದಿದ್ದ. ಸಂಡಿಗೆ ಡಬ್ಬಿಗೆ ಬಿದ್ದ ಮಾರನೇ ದಿನವೇ ಪಾಯ ಎಂದ. ಅಜ್ಜಿ ಸೆರಗು ಎಳೆದುಕೊಂಡು, "ಮೊದ್ಲು ಬೀಳ್ಲಿ," ಎಂದಳು.

ಸಂಡಿಗೆ ಆ ವಠಾರದಲ್ಲಿ ಒಬ್ಬರ ಮನೆಯ ಕೆಲಸವಾಗಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಗೊತ್ತು ಮಾಡಿ, ಎಂಟೂ ಮನೆಯ ಹೆಂಗಸರು ಹಿತ್ತಿಲಿಗೆ ಬರಬೇಕು. ಅಕ್ಕಿ ಅಜ್ಜಿಯದು. ಹರಡಲು ಒಂದೊಂದು ಮನೆಯಿಂದ ಒಂದೊಂದು ಹಳೆಯ ಹತ್ತಿ ಸೀರೆ. ಒಣಗಿದ ಮೇಲೆ ಯಾವ ಸೀರೆಯ ಮೇಲೆ ಒಣಗಿತೋ ಆ ಸಂಡಿಗೆ ಆ ಮನೆಗೆ. ಕಲ್ಬುರ್ಗಿಯವರ ಸೀರೆ, ತುಮಕೂರಿನವರ ಸೀರೆ, ನಮ್ಮ ಅವ್ವನ ಹಳೆಯ ಇಳಕಲ್ಲು, ಎಲ್ಲ ಪಕ್ಕಪಕ್ಕ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಕುದಿಸಿದ ಹಿಟ್ಟನ್ನು ಸೌಟಿನಲ್ಲಿ ತಂದು ಚಮಚ ಚಮಚವಾಗಿ ಬಿಡುತ್ತಿದ್ದರು. ಆ ಭಾನುವಾರ ಅಕ್ಕನನ್ನು ನಾನು ಮೊದಲ ಸಲ ನೋಡಿದ ಹಾಗಾಯಿತು. ವಾರಕ್ಕೆ ಆರು ದಿನ ಕಾಲರು ಹೊಲಿಯುವವಳು, ಏಳನೇ ದಿನ ಬಟ್ಟೆ ಒಗೆದು ಬಿದ್ದುಕೊಳ್ಳುವವಳು, ಅವತ್ತು ಸೀರೆ ಎತ್ತಿ ಕಟ್ಟಿ, ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು. ಸಂಜೆಯವರೆಗೂ ಏಳಲಿಲ್ಲ. ಹಿಟ್ಟು ಯಾವಾಗಲೋ ಮುಗಿದಿತ್ತು. ಅಣಕಿಸಬೇಡ ಎನ್ನುವವಳೇ ನನ್ನನ್ನು ಕರೆದು, ಅಜ್ಜಿಯ ಹಂಗ ಮಾಡೋ, ಓನರ್ ಅಣ್ಣನ ಹಂಗ ಮಾಡೋ ಎಂದು ಕುಣಿಸಿದಳು. ಕೊನೆಗೆ, "ಇಲ್ಲಿ ಕುಂತ್ರ ಇದು ಬೆಂಗ್ಳೂರು ಅನ್ನಾದು ಮರತ ಹೊಕ್ಕೈತಿ ನೋಡು," ಎಂದಳು. ಅಷ್ಟು ಉದ್ದದ ಮಾತು ಅವಳು ಆ ಬೇಸಿಗೆಯಲ್ಲಿ ಇನ್ನೊಂದು ಆಡಲಿಲ್ಲ.

ಸೋಮವಾರ ಎಲ್ಲರೂ ಕೆಲಸಕ್ಕೆ. ಅಜ್ಜಿ ದಾಸರಹಳ್ಳಿಯ ಮಗಳ ಮನೆಗೆ. ಕಾಗೆ ಕಾಯುವ ಕೆಲಸ ನನಗೆ. ಉದ್ದನೆಯ ಕೋಲು, ಅದರ ತುದಿಗೆ ಕಪ್ಪು ಬಟ್ಟೆ. ಒಂದೆರಡು ಕಾಗೆ ಬಂದು ಗೋಡೆಯ ಮೇಲೆ ಕೂರುತ್ತಿದ್ದವು, ನಾನು ಕೋಲು ಬೀಸುತ್ತಿದ್ದೆ, ಎರಡಡಿ ಆಚೆ ಹೋಗಿ ಕೂರುತ್ತಿದ್ದವು. ಹನ್ನೊಂದು ಗಂಟೆಗೆ ತೋಳು ಬಿದ್ದುಹೋಯಿತು. ಕಾಗೆಗಿಂತ ಬೇಜಾರೇ ಹೆಚ್ಚಾಗಿ ಕಚ್ಚುತ್ತಿತ್ತು. ಆಗ ತಲೆಗೊಂದು ಉಪಾಯ ಹೊಳೆಯಿತು.

ಹಿಂದಿನ ವರ್ಷ ನಮ್ಮ ವರ್ಕ್‌ಶಾಪಿನ ಸೂರಿನ ಶೀಟಿನ ಸಂದಿಯಲ್ಲಿ ಒಂದು ಕಾಗೆ ಸಿಕ್ಕಿಕೊಂಡು ಅರ್ಧ ಗಂಟೆ ಅರಚಿತ್ತು. ಮಾಮೂಲಿ ಕಾಕಾ ಅಲ್ಲ. ಗಂಟಲು ಹರಿದು, ಉದ್ದಕ್ಕೆ ಎಳೆದು, ನಡುನಡುವೆ ಉಸಿರು ಕಟ್ಟುವ ಕೂಗು. ಅದನ್ನು ನಾನು ಅವತ್ತೇ ಕಲಿತಿದ್ದೆ. ಲೆಕ್ಕ ಸರಳವಾಗಿತ್ತು: ಒಂದು ಕಾಗೆ ಜೀವ ಹೋದಂತೆ ಅರಚಿದರೆ ಇಲ್ಲೇನೋ ಅಪಾಯ ಎಂದು ಉಳಿದವು ಓಡಿಹೋಗುತ್ತವೆ. ಶೆಡ್ಡಿನ ಒಳಗೇ ಇದ್ದ ನನಗೆ ಅವತ್ತು ಸೂರಿನ ಮೇಲೆ ಏನೇನಾಯಿತು ಎನ್ನುವುದು ಕಂಡಿರಲಿಲ್ಲ.

ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡು ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದೆ. ಗೋಡೆಯ ಮೇಲಿದ್ದ ಎರಡು ಕಾಗೆಗಳು ಹಾರಿಹೋದವು. ಗೆದ್ದೆ ಎಂದುಕೊಂಡು ಇನ್ನೂ ಜೋರಾಗಿ ಕೂಗಿದೆ. ಅವು ಹೋಗಿದ್ದು ಓಡಿಹೋಗಲಿಕ್ಕಲ್ಲ, ಉಳಿದವರನ್ನು ಕರೆತರಲಿಕ್ಕೆ. ಮೊದಲು ಹತ್ತು, ಆಮೇಲೆ ನಲವತ್ತು, ಆಮೇಲೆ ಎಣಿಸುವುದು ಬಿಟ್ಟೆ. ಪೀಣ್ಯದ ಎಲ್ಲ ಶೆಡ್ಡುಗಳಿಗೂ ಒಟ್ಟಿಗೆ ಶಿಫ್ಟ್ ಬಿಟ್ಟ ಹಾಗೆ ಬಂದವು. ನುಗ್ಗೆಮರ ಕಪ್ಪಾಯಿತು, ಗೋಡೆ ಕಪ್ಪಾಯಿತು. ನನ್ನ ತಲೆಯ ಮೇಲೆ ಸುತ್ತು ಹಾಕಿ, ಸಿಕ್ಕಿಬಿದ್ದ ತಮ್ಮವನು ಎಲ್ಲಿ ಎಂದು ಹುಡುಕಿ, ಎಲ್ಲೂ ಕಾಣದೆ, ಬಂದದ್ದು ಬಂದಾಯಿತು ಊಟ ಮಾಡಿಕೊಂಡು ಹೋಗೋಣ ಎಂದು ಸೀರೆಗಳ ಮೇಲೆ ಇಳಿದವು. ನಾನು ಕೋಲು ಬಿಟ್ಟು, ಕುರ್ಚಿಯನ್ನು ತಲೆಯ ಮೇಲೆ ಹಿಡಿದು, ಒಂಟಿ ಕಾಲಲ್ಲಿ ಕುಪ್ಪಳಿಸಿಕೊಂಡು ಬಚ್ಚಲು ಸೇರಿದೆ.

ಸಂಜೆ ಎಲ್ಲರೂ ಬಂದು ನಿಂತು ನೋಡಿದರು. ಅವ್ವನ ಇಳಕಲ್ಲಿನ ಮೇಲೆ ಕಾಗೆ ಕಾಲಿನ ಹೊಸ ಡಿಸೈನು ಬಂದಿತ್ತು. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಇನ್ನೊಂದು ಕಾಲೂ ಮುರಿಯಬಹುದಿತ್ತು. ನಾಗರಾಜಣ್ಣ ಮಾತ್ರ ಬೈಯಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ಪಾಯದ ಗೆರೆ ಎಳೆದ ಜಾಗದಲ್ಲೇ ಇಷ್ಟೊಂದು ಕಾಗೆ ಯಾಕೆ ಬಂದವು ಎಂದು ಒಂದೇ ಸಮನೆ ಕೇಳುತ್ತಿದ್ದ. ಅವನ ಅಪ್ಪ ತೀರಿಕೊಂಡು ಎಂಟು ವರ್ಷ. ವರ್ಷಕ್ಕೊಮ್ಮೆ ತಿಥಿಯ ದಿನ ಎಡೆ ಇಟ್ಟು, ಕಾಗೆ ಬಂದು ಮುಟ್ಟುವವರೆಗೆ ಯಾರೂ ಊಟಕ್ಕೆ ಕೂರುವುದಿಲ್ಲ. ಕಾಗೆ ಬಂದರೆ ಹಿರಿಯರು ಬಂದರು ಅಂತಲೇ ಆ ಮನೆಯ ಲೆಕ್ಕ. ಅಜ್ಜಿ ಮಗನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಬಾಯಲ್ಲಿದ್ದ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ಸರಿಸಿದಳು.

"ನಿಮ್ಮಪ್ಪಂಗೆ ಬೇಜಾರಾಗದೆ ಕಣ್ಲಾ," ಎಂದಳು. "ಒಬ್ಬರೇ ಬಂದ್ರೆ ನೀನು ಕೇಳಕಿಲ್ಲ ಅಂತ ಎಲ್ಲರ್ನೂ ಕರ್ಕೊಂಡ್ ಬಂದವ್ರೆ."

ಪಾಯ ನಿಂತಿತು. ಸಂಡಿಗೆ ಮತ್ತೆ ಹಾಕಬೇಕಲ್ಲ. ಮಾರನೇ ಭಾನುವಾರ ಮತ್ತೆ ಎಂಟು ಸೀರೆ, ಮತ್ತೆ ಹಿಟ್ಟು. ಅಕ್ಕನಿಗೆ ಇನ್ನೊಂದು ಭಾನುವಾರ ಸಿಕ್ಕಿತು, ಸಿಟ್ಟು ಹಿಟ್ಟಿನಲ್ಲೇ ಕರಗಿತು. ಸೋಮವಾರ ಮಧ್ಯಾಹ್ನ ಅಜ್ಜಿ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಏನೂ ನೋಡದೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: "ಮಾಂತಾ, ಅವತ್ತು ಅದೇನೋ ಕೂಗಿದ್ಯಂತಲ್ಲ. ಪಕ್ಕದ ಶೆಡ್ಡಿನೋರು ಹೇಳುದ್ರು. ಎಲ್ಲಿ, ಇನ್ನೊಂದ್ಸಲ ಕೂಗು."

ಅನ್ನ ದಂಡ ಅಲ್ವಾ ಅಜ್ಜಿ ಎಂದೆ. ಕಾಗೆ ತಿಂದರೆ ಯಾವ ದಂಡ, ವರ್ಷಕ್ಕೊಂದು ದಿನ ಕರೆದು ಹಾಕ್ತೀವಿ, ಎರಡು ದಿನ ಹೆಚ್ಚಿಗೆ ಉಣ್ಣಲಿ ಎಂದಳು. ಬಚ್ಚಲೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಗೋಡೆಯ ಮೇಲಿನ ಕಿಂಡಿಗೆ ಬಾಯಿಟ್ಟು ಕೂಗಿದೆ. ನನ್ನ ಜನ್ಮದಲ್ಲಿ ಇಷ್ಟು ಮಂದಿ ಯಾವ ಪ್ರದರ್ಶನಕ್ಕೂ ಬಂದಿಲ್ಲ. ಅಜ್ಜಿ ಕಲ್ಲಿನ ಮೇಲೆ ಅಲ್ಲಾಡದೆ ಕೂತಿದ್ದಳು, ಸುತ್ತ ಕಾಗೆಗಳು ಉಣ್ಣುತ್ತಿದ್ದವು.

ನಾಗರಾಜಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಹಿತ್ತಿಲಿಗೆ ಬಂದು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತ. "ಇನ್ನೊಂದ್ಸಲ ಹಾಕಮ್ಮ," ಎಂದ. "ಈ ಸಲಾನೂ ಅಪ್ಪ ಬಂದ್ರೆ ಇಟ್ಟಿಗೆ ವಾಪಸ್ ಕಳಿಸ್ತೀನಿ. ನೀನಿರೋ ತನಕ ಈ ಜಾಗದ ಮಾತು ಎತ್ತಲ್ಲ. ಬರ್ಲಿಲ್ಲ ಅಂದ್ರೆ ಒಪ್ಕೊಂಡವ್ರೆ ಅಂತ ನೀನೂ ಒಪ್ಕೋಬೇಕು." ಅಜ್ಜಿ ಸೆರಗು ಎಳೆದುಕೊಂಡು ಒಪ್ಪಿದಳು. ಒಪ್ಪುವಾಗ ಬಚ್ಚಲಿನ ಕಡೆ ಒಂದು ಸಲ ಕಣ್ಣು ಹಾಯಿಸಿದಳು. ಇಡೀ ಹಿತ್ತಿಲು ಈಗ ನನ್ನ ಗಂಟಲಿನಲ್ಲಿತ್ತು.

ಮೂರನೇ ಸಂಡಿಗೆಯ ಹೊತ್ತಿಗೆ ನನ್ನ ಆರು ವಾರ ಮುಗಿಯುತ್ತಾ ಬಂದಿತ್ತು. ಮಂಗಳವಾರ ಪ್ಲಾಸ್ಟರ್ ಬಿಚ್ಚುವುದೆಂದು ಡಾಕ್ಟರು ಬರೆದಿದ್ದರು. ಸೋಮವಾರ ಬೆಳಿಗ್ಗೆ ಸೂಪರ್‌ವೈಸರ ಫೋನು ಬಂತು. ಜಾಗ ಇದೆ, ಗುರುವಾರದಿಂದ ಬಾ, ಕಟ್ಟೆ ಮೇಲೆ ಮಾತ್ರ ಹತ್ತಬೇಡ ಎಂದರು. ಫೋನು ಇಟ್ಟ ಕೂಡಲೇ ಎರಡೂ ಕಾಲು ಕುಣಿಯತೊಡಗಿದವು, ಪ್ಲಾಸ್ಟರಿನ ಕಾಲೂ ಸೇರಿದಂತೆ. ನನಗೆ ಆ ಕುರ್ಚಿ ಸಾಕಾಗಿತ್ತು, ಆ ನೆರಳು ಸಾಕಾಗಿತ್ತು, ಸಂಡಿಗೆಯ ವಾಸನೆ ತಲೆಗೇರಿತ್ತು. ಗೋಡೆಯಾಚೆ ಪ್ರೆಸ್ಸು ಕರೆಯುತ್ತಿತ್ತು.

ಅವತ್ತು ನಾಗರಾಜಣ್ಣ ಕೆಲಸಕ್ಕೆ ಹೋಗಲಿಲ್ಲ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಸೀರೆಗಳ ತಲೆಯ ಕಡೆ ಒಂದು ಬಾಳೆಲೆಯಲ್ಲಿ ಅಪ್ಪನಿಗೆ ಇಷ್ಟವಾದದ್ದೆಲ್ಲ ಬಡಿಸಿ, ಹಿತ್ತಿಲ ಬಾಗಿಲಲ್ಲಿ ಕೈ ಮುಗಿದು ಕೂತ. ಅಜ್ಜಿ ಕಲ್ಲಿನ ಮೇಲೆ. ಹನ್ನೆರಡರ ಬಿಸಿಲು. ಅಜ್ಜಿ ನನ್ನತ್ತ ನೋಡಿ ಕೆಮ್ಮಿದಳು. ನಾನು ಕೋಲು ಊರಿಕೊಂಡು ಬಚ್ಚಲಿಗೆ ಹೋದೆ.

ಕಿಂಡಿಗೆ ಬಾಯಿಟ್ಟೆ. ಕಿಂಡಿಯಿಂದ ನಾಗರಾಜಣ್ಣನ ಮುಖ ಕಾಣುತ್ತಿತ್ತು. ಕಣ್ಣು ಆಕಾಶಕ್ಕೆ ನೆಟ್ಟಿದ್ದ. ಗಟ್ಟಿ ಆಳು, ಮೀಸೆ ಬೇರೆ, ಅಪ್ಪ ಬರುತ್ತಾನೋ ಇಲ್ಲವೋ ಎಂದು ತುಟಿ ನಡುಗಿಸುತ್ತಾ ಕೂತಿದ್ದ. ಇಂಥವನ ಮುಂದೆ ಮೋಸದ ಕೂಗು ಹಾಕಲು ನನ್ನ ಗಂಟಲು ಒಪ್ಪಲಿಲ್ಲ. ಎಷ್ಟೋ ವರ್ಷ ನನಗೆ ನಾನು ಹೇಳಿಕೊಂಡದ್ದು ಇದನ್ನೇ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜ ಏನೆಂದರೆ, ಇದು ಇವತ್ತಿಗೆ ಮುಗಿದರೆ ಸಾಕು ಎಂದು ನನ್ನ ಕಾಲು ಹೇಳುತ್ತಿತ್ತು. ನಾನು ಗುರುವಾರ ಹೋಗುವವನು. ಹಿತ್ತಿಲು ಇದ್ದರೆಷ್ಟು ಬಿಟ್ಟರೆಷ್ಟು.

ಕೂಗಿದೆ. ಆದರೆ ಆ ಕೂಗಲ್ಲ. ಶಾಲೆಯ ಹುಡುಗರು ಕಾಗೆ ಆಟಕ್ಕೆ ಕೂಗುವಂಥ ಒಂದು ಕಾ, ಇನ್ನೊಂದು ಕಾ. ಪ್ರೆಸ್ಸಿನ ಸದ್ದಿನಲ್ಲಿ ಅದು ಹಿತ್ತಿಲ ಬಾಗಿಲವರೆಗೆ ಮುಟ್ಟಲಿಲ್ಲ. ತಂತಿಯ ಮೇಲಿದ್ದ ಎರಡು ಕಾಗೆಗಳು ಕತ್ತು ಓರೆ ಮಾಡಿ ಬಚ್ಚಲಿನ ಕಡೆ ನೋಡಿ, ಮತ್ತೆ ಬೇರೆ ಕಡೆ ತಿರುಗಿದವು. ನಾಗರಾಜಣ್ಣ ಮೂರು ಗಂಟೆಯವರೆಗೆ ಕಾದ. ಒಂದೂ ಬರಲಿಲ್ಲ. ಎದ್ದು, ಕಣ್ಣೊರೆಸಿಕೊಂಡು, "ಒಪ್ಕೊಂಡ್ರು," ಎಂದ. ಅವತ್ತು ಅಜ್ಜಿ ನನ್ನ ಕಡೆ ನೋಡಲೇ ಇಲ್ಲ.

ಆ ಸಲದ ಸಂಡಿಗೆ ಹಿಂದೆಂದೂ ಆಗದಷ್ಟು ಚೆನ್ನಾಗಿ ಒಣಗಿತು. ಸೀರೆಗಳನ್ನು ಮಗುಚಿ, ಬೆನ್ನಿಗೆ ನೀರು ಚಿಮುಕಿಸಿ, ಒಂದೊಂದಾಗಿ ಬಿಡಿಸಿ ಎಂಟು ಮನೆಗೂ ಹಂಚಿದರು. ಅಕ್ಕ ಕರಿದಳು, ಅರಳು ಅರಳಾಗಿ ಎದ್ದವು. ನಾನು ಗುರುವಾರ ಕೆಲಸಕ್ಕೆ ಹೋದೆ. ಅದೇ ದಿನ ಪಾಯ ತೋಡಿದರು. ನುಗ್ಗೆಮರ ಮಧ್ಯಾಹ್ನದೊಳಗೆ ಹೋಯಿತಂತೆ. ಎರಡು ತಿಂಗಳಿಗೆ ಗೋಡೆ ನಮ್ಮ ಹಿಂದಿನ ಕಿಟಕಿಗೆ ಬಂದು ನಿಂತಿತು. ಭಾನುವಾರ ಹಗಲಲ್ಲೂ ಲೈಟು ಹಾಕಿಕೊಂಡು ಅಕ್ಕ ಬಟ್ಟೆ ಮಡಚುತ್ತಿದ್ದಳು. ಒಂದು ಸಲ ಕಿಟಕಿ ತೆರೆದಳು, ಸಿಮೆಂಟು ಗೋಡೆ ಕಂಡಿತು, ಮತ್ತೆ ಮುಚ್ಚಿದಳು. ಬಚ್ಚಲಿನ ಕೂಗಿನ ವಿಷಯ ಅವಳಿಗೇನೂ ಗೊತ್ತಿರಲಿಲ್ಲ. ಮುಂದಿನ ವರ್ಷ ನಾವು ರೂಮು ಬದಲಾಯಿಸಿದೆವು. ಆಮೇಲೆ ನಾನು ಮೂರು ಕಂಪನಿ, ನಾಲ್ಕು ರೂಮು ಬದಲಾಯಿಸಿದ್ದೇನೆ.

ಮೊನ್ನೆ ಆ ವಾಸನೆಯ ಹಿಂದೆ ಹೋದರೆ ಅದು ಅದೇ ವಠಾರಕ್ಕೆ ಕರೆದುಕೊಂಡು ಹೋಯಿತು. ಬೈಕು ನಿಲ್ಲಿಸಿ ಪಕ್ಕದ ಓಣಿಯಲ್ಲಿ ನುಗ್ಗಿದೆ. ಹಿತ್ತಿಲಿದ್ದ ಕಡೆ ಎರಡಂತಸ್ತು ಎದ್ದಿತ್ತು. ಹೊಸ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಸಂದಿ. ಆ ಸಂದಿಯಲ್ಲಿ ಒಗೆಯುವ ಕಲ್ಲು ಹಾಗೇ ಇತ್ತು, ಎತ್ತಲು ಯಾರಿಂದಲೂ ಆಗಲಿಲ್ಲವಂತೆ. ಕಲ್ಲಿನ ಮೇಲೆ ಗೌರಮ್ಮಜ್ಜಿ. ಮೈ ಕುಗ್ಗಿ ಮೊದಲಿಗಿಂತ ಚಿಕ್ಕವಳಾಗಿದ್ದಳು, ದವಡೆ ಮಾತ್ರ ಅದೇ. ಅವಳ ಮುಂದೆ ಒಂದು ಮೊರ, ಮೊರದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಆಗಷ್ಟೇ ಬಿಟ್ಟ ಇಪ್ಪತ್ತು ಮೂವತ್ತು ಸಂಡಿಗೆ. ಎರಡು ಕಟ್ಟಡದ ನಡುವೆ ಬೀಳುವ ಒಂದು ಗೇಣು ಬಿಸಿಲಿಗೆ ಮೊರವನ್ನು ಸರಿಯಾಗಿ ಹೊಂದಿಸಿ ಇಟ್ಟಿದ್ದಳು.

ಅವಳದೇ ದನಿಯಲ್ಲಿ, "ಯಾರ್ಲಾ ಅದು," ಎಂದೆ. ಅಜ್ಜಿ ನಕ್ಕಳು, ಕಣ್ಣಲ್ಲಿ ನೀರು ಬರುವಂತೆ. ಅಕ್ಕ ಹೇಗವ್ಳೆ, ಮದುವೆ ಆಯ್ತಾ, ಕಾಲು ನೋಯ್ತದಾ, ಎಲ್ಲ ಕೇಳಿದಳು. ನಾಗರಾಜಣ್ಣ ಚೆನ್ನಾಗಿದ್ದಾನಂತೆ, ಈಗಲೂ ತಿಥಿಯ ದಿನ ಕಾಗೆ ಬರುವವರೆಗೆ ನೀರೂ ಮುಟ್ಟುವುದಿಲ್ಲವಂತೆ. ಹೇಳಲೋ ಬೇಡವೋ ಎಂದು ಗೋಡೆಗೆ ಒರಗಿ ನಿಂತಿದ್ದವನು ಕೊನೆಗೆ ಹೇಳಿಯೇಬಿಟ್ಟೆ.

"ಅಜ್ಜಿ, ಮೂರನೇ ಸಲ ನಾನು ಸರಿಯಾಗಿ ಕೂಗ್ಲಿಲ್ಲ."

"ಗೊತ್ತು ಕಣ್ಲಾ. ಕೋಳಿಮರಿ ಕೂಗ್ದಂಗೆ ಕೂಗ್ದೆ."

"ಮತ್ತೆ ಬೈಲೇ ಇಲ್ಲ?"

"ಮೂರು ದಿನ ಮನ್ಸಲ್ಲೇ ಬೈದೆ." ಎಲೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದಳು. "ಮಾರ್ನೆ ದಿನ ಕಾಲು ಬಿಚ್ಚೋ ಹುಡ್ಗಂಗೆ ಕುಂತ್ಕೊ ಅಂದ್ರೆ ಕುಂತ್ಕೊಂಡಾನಾ."

ಆಮೇಲೆ ಗೋಡೆ ಹಿಡಿದು ಎದ್ದಳು. ಒಲೆಯ ಮೇಲೆ ಇನ್ನೂ ಸ್ವಲ್ಪ ಹಿಟ್ಟು ಇದೆ, ನೋಡ್ಕೊಂಡಿರು ಎಂದು ಒಳಗೆ ಹೋದಳು.

ಕಲ್ಲಿನ ಮೇಲೆ ಕೂತೆ. ಮೊಣಕಾಲು ಕಾಂಪೌಂಡಿಗೆ ತಾಗುತ್ತಿತ್ತು, ಕುಣಿಸಲು ಜಾಗವೇ ಇರಲಿಲ್ಲ. ಗೋಡೆಯಾಚೆ ಪ್ರೆಸ್ಸು ಈಗಿಲ್ಲ, ಗೋಡೌನ್ ಆಗಿದೆ. ಜೇಬಿನಲ್ಲಿ ಫೋನು ನಡುಗಿತು, ಬೇರಿಂಗಿಗಾಗಿ ಇರಬೇಕು, ನಿಂತಿತು, ಮತ್ತೆ ನಡುಗಿತು. ತೆಗೆಯಲಿಲ್ಲ. ಕಾಂಪೌಂಡಿನ ಮೇಲೆ ಒಂದು ಕಾಗೆ ಬಂದು ಕೂತಿತು. ಒಂದೇ. ಯಾರೂ ಕರೆದಿರಲಿಲ್ಲ. ಕತ್ತು ಓರೆ ಮಾಡಿ ನನ್ನನ್ನು ನೋಡಿತು, ಮೊರವನ್ನು ನೋಡಿತು. ನಾನು ಕೈ ಎತ್ತಲಿಲ್ಲ. ಅದು ಇಳಿದು, ಎರಡು ಹೆಜ್ಜೆ ಕುಪ್ಪಳಿಸಿ, ಅಂಚಿನಲ್ಲಿದ್ದ ಒಂದು ಸಂಡಿಗೆಯನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಯಿತು.

ಅಜ್ಜಿ ಸೌಟು ಹಿಡಿದು ಬಂದವಳು ಮೊರದ ಅಂಚಿನಲ್ಲಿ ಖಾಲಿಯಾದ ಜಾಗ ನೋಡಿದಳು. ಸೆರಗು ಎಳೆದುಕೊಂಡಳು.

"ಬಂದಿದ್ರಾ?"

"ಬಂದಿದ್ರು."

"ಏನಾದ್ರೂ ಅಂದ್ರಾ?"

"ಉಪ್ಪು ಕಮ್ಮಿ ಅಂದ್ರು."

ಅಜ್ಜಿ ಸೌಟನ್ನು ಮೊರದ ಮೇಲೆ ಬಗ್ಗಿಸಿ, ಆ ಖಾಲಿ ಜಾಗಕ್ಕೆ ಒಂದು ಚಮಚ ಹಿಟ್ಟು ಬಿಟ್ಟಳು. "ಇದ್ದಾಗ್ಲೂ ಅದ್ನೇ ಅಂತಿದ್ರು," ಎಂದಳು. ಆಮೇಲೆ ನನ್ನನ್ನು ಸ್ವಲ್ಪ ಆಚೆ ಸರಿಸಿ, ಕಲ್ಲಿನ ಮೇಲೆ ಪಕ್ಕದಲ್ಲೇ ಕೂತಳು.